ಅಂಗಿಗೆ ತಕ್ಕ ಬಟ್ಟೆ

ದಿನಬಳಕೆಯ ಹತ್ತಿ ಅಂಗಿಗೆ ಬಟ್ಟೆ ಆರಿಸುವವರು ಸಾಮಾನ್ಯವಾಗಿ ಮೊದಲು ಬಣ್ಣವನ್ನು, ಬಳಿಕ ನೂಲಿನ ಕೌಂಟನ್ನು ವಿಚಾರಿಸುತ್ತಾರೆ; ನಾನು ಈಚೆಗೆ ನೇಯ್ಗೆಯನ್ನೇ ಮೊದಲು ನೋಡುತ್ತೇನೆ. ಕೌಂಟ್ ಏರಿದಂತೆ ನೂಲು ಸಪೂರವಾಗುವುದರಿಂದ, 100ರ ಕೌಂಟಿನ ಪಾಪ್ಲಿನ್ ಮೈಗೆ ಎಷ್ಟೇ ಹಿತವಾಗಿದ್ದರೂ ಬಸ್ಸಿನ ನೂಕುನುಗ್ಗಲನ್ನೂ ಒಗೆಯುವ ಕಲ್ಲನ್ನೂ ವರ್ಷಗಟ್ಟಲೆ ತಾಳಿಕೊಳ್ಳಲಾರದು. ಅದಕ್ಕಿಂತ, ಹಾಸಿನ, ಅಂದರೆ ಉದ್ದಕ್ಕೆ ಓಡುವ, ಎಳೆಗಳನ್ನು ಜೋಡಿಯಾಗಿಟ್ಟು ಅಡ್ಡ ಹಾಯುವ ಹೊಕ್ಕಿನ ದಪ್ಪ ನೂಲಿನೊಂದಿಗೆ ನೇಯುವ ಆಕ್ಸ್‌ಫರ್ಡ್ ಬಟ್ಟೆ ನನಗೆ ಮೆಚ್ಚು: ತುಸು ದಪ್ಪವಾದರೂ ಗಾಳಿಯಾಡುತ್ತದೆ, ಒಗೆದಷ್ಟೂ ಮೆದುವಾಗುತ್ತದೆ.

ನೇಯ್ಗೆ ಚೆನ್ನಾಗಿದ್ದರೂ ಹತ್ತಿಯ ಎಳೆ ಗಿಡ್ಡವಾಗಿದ್ದರೆ, ಅದರ ತುದಿಗಳು ನೂಲಿನಿಂದ ಹೊರಬಂದು, ಉಜ್ಜುವ ಕಡೆಯಲ್ಲೆಲ್ಲ ಸಣ್ಣ ಉಂಡೆಗಳು ಏಳುತ್ತವೆ. 1972ರಲ್ಲಿ ಧಾರವಾಡದಿಂದ ಬಿಡುಗಡೆಯಾದ ವರಲಕ್ಷ್ಮಿಯಂತಹ ಉದ್ದ ಎಳೆಯ ತಳಿಗಳಿಗೆ ಬೆಲೆ ಬಂದದ್ದು ಇದೇ ಕಾರಣಕ್ಕೆ. (ಅಂಗಡಿಯಲ್ಲಿ ಎಳೆಯ ಉದ್ದ ಕೇಳಿದರೆ ಮೀಟರಿನ ಬೆಲೆ ಹೇಳುತ್ತಾರೆ, ಅದು ಬೇರೆ ಮಾತು.)

ಹೊಲಿಯಲು ಕೊಡುವ ಮುನ್ನ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸುತ್ತೇನೆ. ಇದಕ್ಕೆಂದೇ ಕಾಲು ಮೀಟರ್ ಹೆಚ್ಚು ಕೊಳ್ಳುವುದುಂಟು, ಏಕೆಂದರೆ ಕುಗ್ಗುವುದಿದ್ದರೆ ಅದು ದರ್ಜಿಯ ಕತ್ತರಿಗೆ ಮೊದಲೇ ಕುಗ್ಗಲಿ.