ಕಾಕಾರ ಪದಕದ ಪಿನ್ನು

ಇವತ್ತು ಡಿಸೆಂಬರ್ 4, ನೌಕಾಪಡೆ ದಿನ. 1971ರಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಮೇಲೆ ದಾಳಿ ಮಾಡಿದ ರಾತ್ರಿಯ ನೆನಪು.

ಬೆಳಿಗ್ಗೆ ಓಣಿಯ ಕಾಕಾ ಕಟ್ಟೆ ಮೇಲೆ ಕೂತು ಹಳೇ ಧೋತರದ ತುಂಡಿನಿಂದ ಪದಕ ಒರೆಸುತ್ತಿದ್ದರು. ಪಶ್ಚಿಮಿ ಸ್ಟಾರ್, ಆ ಯುದ್ಧದಲ್ಲಿ ಪಶ್ಚಿಮದ ಕಡೆ ಸೇವೆ ಮಾಡಿದವರಿಗೆ ಕೊಟ್ಟ ನಕ್ಷತ್ರದಾಕಾರದ ಪದಕ. ಸಮುದ್ರವೇ ಇಲ್ಲದ ವಿಜಯಪುರದಿಂದ ಹೋಗಿ ತಂದದ್ದು!

ನಕ್ಷತ್ರ ಫಳಫಳ. ರಿಬ್ಬನ್ ಮಾತ್ರ ಬಣ್ಣ ಬಿಟ್ಟಿತ್ತು. ಹಿಂದೆ ಪಿನ್ನೇ ಇಲ್ಲ.

"ಪಿನ್ನ ಎಲ್ಲಿ ಹೋತ್ರಿ ಕಾಕಾ?"

"ಆ ಆಯಿ ಪಿಂಚಣಿ ಕಾಗದಕ್ಕ ಚುಚ್ಚಿ ಕೊಟ್ಟೀನಿ ತಮ್ಮಾ."

ನವೆಂಬರ್ ಪೂರ್ತಿ, ಪಿಂಚಣಿ ನಿಲ್ಲದಂತೆ ಓಣಿಯ ಮುದುಕರು ಕೊಡಬೇಕಾದ ಜೀವನ ಪ್ರಮಾಣಪತ್ರದ ಓಡಾಟ ಇವರದೇ. ಹಡಗಿಗಿಂತ ಕಚೇರಿ ಸರದಿಯಲ್ಲೇ ಜಾಸ್ತಿ ವರ್ಷ ನಿಂತಿದ್ದಾರೆ ಅನ್ನಿಸಿತು. ಅದಕ್ಕೆ ಪದಕ ಯಾರು ಕೊಡ್ತಾರೆ, ಅಲ್ವಾ?

ಅವ್ವನ ಡಬ್ಬಿಯಿಂದ ಒಂದು ಪಿನ್ ತಂದುಕೊಟ್ಟೆ. ಸಂಜೆಯೊಳಗೆ ಅದೂ ಯಾರದೋ ಅರ್ಜಿ ಸೇರುತ್ತೆ ಬಿಡಿ.