ಕಂದಹಾರದ ಅಂಗಿಯ ಹಿಂಬದಿ

ಅಂಗಿ ಕೈಗೆ ಬಂದ ಕೂಡಲೇ ನಾನು ಅದನ್ನು ತಿರುವಿ ಹಿಂಬದಿ ನೋಡಿದೆ. ಮದುಮಗನಿಗೆಂದು ಹೊಲಿದ ಅಂಗಿ. ಊಟಕ್ಕೆ ಬಂದ ಹೊರಗಿನವಳು ಹಾಗೆಲ್ಲ ಮಾಡಬಾರದಿತ್ತು. ಏಳೆಂಟು ಹೆಂಗಸರ ಮಾತು ಗಕ್ಕನೆ ನಿಂತಿತು. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ ಮಾತ್ರ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿ, ತಮ್ಮ ಪಕ್ಕದ ಹಾಸಿಗೆಯನ್ನು ಅಂಗೈಯಿಂದ ತಟ್ಟಿದರು. ಬಾ, ಇಲ್ಲಿ ಕೂಡು ಎಂದು.

2010ರ ಅಕ್ಟೋಬರ್, ಶುಕ್ರವಾರ, ಕಾಬೂಲಿನ ಕಾರ್ತೆ ನವ್‌ನಲ್ಲಿ ಒಂದು ಮನೆ. ನಾನಾಗ ಅಲ್ಲಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಹುಡುಗಿಯರಿಗೆ ರಕ್ತಪರೀಕ್ಷೆ ಕಲಿಸುವ ಕೆಲಸದಲ್ಲಿದ್ದೆ. ಜೊತೆಗಿದ್ದ ಗೆಳತಿಯ ತಂಗಿಗೆ ಮುಂದಿನ ವಾರ ಮದುವೆ. ಕಂದಹಾರದ ಪಷ್ತೂನರು ಅವರು, ನಮ್ಮ ಕಡೆ ಪಠಾಣರು ಎನ್ನುವ ಜನ. ಯುದ್ಧದ ಕಾಲದಲ್ಲಿ ಕ್ವೆಟ್ಟಾಕ್ಕೆ ಓಡಿಹೋಗಿ, ಅಲ್ಲಿ ಬಹಳ ವರ್ಷ ಇದ್ದು, ಆಮೇಲೆ ಕಾಬೂಲಿಗೆ ಬಂದು ನೆಲೆಸಿದ್ದರು. ಅವಳ ಕ್ವೆಟ್ಟಾ ಉರ್ದುವಿಗೂ ನನ್ನ ಧಾರವಾಡದ ಹಿಂದಿಗೂ ಹೇಗೋ ಹೊಂದಾಣಿಕೆಯಾಗಿತ್ತು.

ಪಠಾಣರೆಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಮೂರೇ ಸಂಗತಿ. ಬಡ್ಡಿ ವಸೂಲಿಗೆ ದೊಣ್ಣೆ ಹಿಡಿದು ಬಾಗಿಲಲ್ಲಿ ಕೂಡುತ್ತಿದ್ದನೆಂದು ಅಜ್ಜ ಹೇಳುತ್ತಿದ್ದ ಪಠಾಣ, ಪಾಠಪುಸ್ತಕದ ಗಡಿನಾಡ ಗಾಂಧಿ, ಮತ್ತೆ ನಮ್ಮ ಸವಣೂರಿನ ನವಾಬರು. ಮೂರರಲ್ಲೂ ಹೆಂಗಸರಿಲ್ಲ ಎಂಬುದು ಆ ಮನೆಯ ಹೊಸ್ತಿಲು ದಾಟುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಬಾಗಿಲಲ್ಲಿ ಗೆಳತಿಯ ತಾಯಿ ‘ಸ್ತಡೇ ಮ ಶೇ’ ಎಂದರು. ದಣಿವಾಗದಿರಲಿ ಎಂದರ್ಥ. ಅದಕ್ಕೆ ‘ಖ್ವಾರಾ ಮ ಶೇ’, ಅಂದರೆ ನಿಮಗೆ ಬಡತನ ಬಾರದಿರಲಿ ಎಂದು ಉತ್ತರಿಸಬೇಕಂತೆ. ಗೆಳತಿ ಆಸ್ಪತ್ರೆಯಲ್ಲೇ ಬಾಯಿಪಾಠ ಮಾಡಿಸಿದ್ದಳು, ಒಪ್ಪಿಸಿದೆ. ನನ್ನನ್ನು ಕರೆತಂದ ಡ್ರೈವರ್ ‘ಕಾರಿನಲ್ಲೇ ಇರುತ್ತೇನೆ’ ಎಂದು ಹಟ ಹಿಡಿದ. ಮನೆಯ ಹಿರಿಯ ಮಗ ಅವನ ತೋಳು ಹಿಡಿದು ಗಂಡಸರ ಕೋಣೆಗೆ ಎಳೆದೊಯ್ದ. ನನ್ನ ಚಹಾ ಬರುವ ಮೊದಲೇ ಅವನ ಊಟ ಶುರುವಾಗಿತ್ತೆಂದು ಆಮೇಲೆ ತಿಳಿಯಿತು. ಮೆಲ್ಮಸ್ತಿಯಾ ಎನ್ನುತ್ತಾರೆ ಇದಕ್ಕೆ. ಬಂದವನು ಯಾರು, ಯಾವ ಜನ ಎಂದು ಕೇಳದೆ ಉಣ್ಣಿಸುವುದು. ಪಷ್ತೂನ್‌ವಲಿ ಎಂಬ ಅವರ ಬರೆಯದ ಕಟ್ಟಳೆಯಲ್ಲಿ ಇದಕ್ಕೆ ದೊಡ್ಡ ಜಾಗ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು ಬದನೆಕಾಯಿ ಬೋರಾನಿ, ಗಂದನಾ ಸೊಪ್ಪು ತುಂಬಿದ ಬೋಲಾನಿ ಮಾಡಿದ್ದರು. ಮೊಸರು ಹಾಕಿದ ಆ ಬದನೆಕಾಯಿ ನಮ್ಮ ಎಣ್ಣೆಗಾಯಿಯ ಮುಂದೆ ಸಪ್ಪೆಯೇ, ಸುಳ್ಳು ಹೇಳಲಾರೆ. ಏಲಕ್ಕಿ ಹಾಕಿದ ಹಸಿರು ಚಹಾ ಮಾತ್ರ ಎಷ್ಟು ಬಟ್ಟಲು ಕುಡಿದೆನೋ ಲೆಕ್ಕವಿಲ್ಲ. ಸಾಕೆಂದರೆ ಬಟ್ಟಲನ್ನು ಬೋರಲು ಹಾಕಬೇಕು, ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಆಮೇಲೆ ಗಂಟು ಬಿಚ್ಚಿದರು. ದಿಂಬಿನ ಹೊದಿಕೆಗಳು, ಕೈವಸ್ತ್ರಗಳು, ಗಾಜಿನ ಮಣಿ ಹೊಲಿದ ಕಂದಹಾರಿ ಟೋಪಿ. ಎಲ್ಲದರ ತಳದಲ್ಲಿ ಆ ಬಿಳಿ ಅಂಗಿ. ಎದೆಯ ಮೇಲೆ ಬಿಳಿ ರೇಷ್ಮೆ ನೂಲಿನಲ್ಲೇ ಕಸೂತಿ. ದೂರದಿಂದ ಏನೂ ಕಾಣುವುದಿಲ್ಲ, ಬಟ್ಟೆ ಬೆಳಕಿಗೆ ವಾಲಿದಾಗ ತಟ್ಟನೆ ನೂರಾರು ತ್ರಿಕೋನ, ಚೌಕ, ನಕ್ಷತ್ರಗಳು ಎದ್ದು ಬರುತ್ತವೆ. ಇದಕ್ಕೆ ಖಾಮಕ್ ಎನ್ನುತ್ತಾರೆ, ಕಂದಹಾರದ ಹೆಂಗಸರ ಕೆಲಸ. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆಯಿಲ್ಲ, ಅಚ್ಚಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಲ್ಲೇ ಎಣಿಸಿಕೊಂಡು ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಮುಂದಿನ ಸಾಲೆಲ್ಲ ಸೊಟ್ಟ. ತಾನು ಮದುವೆಯಾಗುವವನ ಅಂಗಿಯನ್ನು ಹುಡುಗಿಯೇ ಹೊಲಿಯುವುದು ಅಲ್ಲಿನ ರೂಢಿ. ಆ ಒಂದು ಅಂಗಿಗೆ ಎಂಟು ತಿಂಗಳು ಹಿಡಿದಿತ್ತಂತೆ. ಹುಡುಗಿಗೆ ಹತ್ತೊಂಬತ್ತು. ದಾರ ಪೋಣಿಸುವಾಗ ಆಗಲೇ ಸೂಜಿಯನ್ನು ಕಣ್ಣಿನ ಹತ್ತಿರ ತರುತ್ತಿದ್ದಳು.

ನಾನು ಅಂಗಿ ತಿರುವಿದ್ದು ಬೇಕೆಂದಲ್ಲ, ಅಭ್ಯಾಸಬಲ. ನಮ್ಮಜ್ಜಿ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ತೇರು, ಗೋಪುರ, ಆನೆ, ತುಳಸಿಕಟ್ಟೆ, ಎಲ್ಲ ಎಳೆ ಎಣಿಸಿಯೇ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಬೇಕು, ಗಂಟು ಹಾಕಬಾರದು. ನಾನು ಹೊಲಿದು ತೋರಿಸಿದರೆ ಬಟ್ಟೆಯ ಮುಂಬದಿ ನೋಡುತ್ತಲೇ ಇರಲಿಲ್ಲ. “ಮುಂದಿಂದು ಊರೆಲ್ಲಾ ನೋಡ್ತದ, ಹಿಂದಿಂದು ನಾ ನೋಡ್ತೀನಿ, ತಾ ಇಲ್ಲೆ” ಅನ್ನುತ್ತಿದ್ದಳು. ಈ ಅಂಗಿಯ ಹಿಂಬದಿಯಲ್ಲಿ ನಾನು ಗಂಟು ಹುಡುಕಿದೆ. ಇರಲಿಲ್ಲ.

ಅಜ್ಜಿ ಒಂದು ಚೂರು ಬಟ್ಟೆ ಕೊಟ್ಟು ಸೂಜಿ ಮುಂದೆ ಹಿಡಿದರು. ಎಷ್ಟೋ ವರ್ಷಗಳ ಮೇಲೆ ಗವಂತಿಯಲ್ಲಿ ಸಣ್ಣದೊಂದು ಗೋಪುರ ಹಾಕಿದೆ. ಅವರು ಇಸಿದುಕೊಂಡು ಸೀದಾ ತಿರುವಿದರು. ಕಿಟಕಿಯ ಬೆಳಕಿಗೆ ಹಿಡಿದು ‘ಷ’ ಎಂದರು.

ನಾನು ಗೆಳತಿಯ ಮುಖ ನೋಡಿದೆ. “ಚೆಂದ ಇದೆ ಅಂತ” ಎಂದಳು. ಪೇಶಾವರದ ಕಡೆಯವರು ಇದೇ ಪದವನ್ನು ‘ಖ’ ಎನ್ನುತ್ತಾರೆ, ಅದಕ್ಕೇ ಅಲ್ಲಿ ಭಾಷೆ ಪಖ್ತೋ, ಕಂದಹಾರದಲ್ಲಿ ಪಷ್ತೋ. ನಾಲಿಗೆ ಮೇಲಕ್ಕೆ ಮಡಿಚಿ ಹೇಳುವ ಅಪ್ಪಟ ಷ. ನಮ್ಮಲ್ಲಿ ಕನ್ನಡ ಮಾಸ್ತರು ಬಿಟ್ಟರೆ ಯಾರೂ ಉಚ್ಚರಿಸದ ಅಕ್ಷರ ಅಲ್ಲಿ ಎಪ್ಪತ್ತು ದಾಟಿದ ಓದುಬರಹವಿಲ್ಲದ ಅಜ್ಜಿಯ ಬಾಯಲ್ಲಿ ಅಷ್ಟು ಸಲೀಸಾಗಿತ್ತು. ಆ ಖುಷಿಯಲ್ಲಿ ಖಾಮಕ್ ಕೂಡ ಕಲಿಸಿ ಎಂದೆ. ಅರ್ಧ ಗಂಟೆ ಎಳೆ ಎಣಿಸಿ ಅಕ್ಕಿಕಾಳಿನಷ್ಟು ತ್ರಿಕೋನ ಮಾಡಿದೆ. ಅಜ್ಜಿ ತಿರುವಿ ನೋಡಿದರು, ಏನೂ ಹೇಳದೆ ಸೂಜಿಮೊನೆಯಿಂದ ಅಷ್ಟನ್ನೂ ಬಿಚ್ಚಿಹಾಕಿದರು.

ಕಂದಹಾರದಲ್ಲಿ ರಂಗೀನಾ ಹಮೀದಿ ಎಂಬವರು 2008ರಲ್ಲಿ ‘ಕಂದಹಾರ್ ಟ್ರೆಷರ್’ ಶುರುಮಾಡಿ ಮನೆಯೊಳಗಿನ ಹೆಂಗಸರ ಖಾಮಕ್ಕಿಗೆ ದುಡ್ಡು ಸಿಗುವಂತೆ ಮಾಡಿದ್ದಾರೆಂದು ಗೆಳತಿ ಹೇಳಿದಳು. ಮರುವರ್ಷದ ಜುಲೈನಲ್ಲಿ ಅವರ ತಂದೆ, ಕಂದಹಾರದ ಮೇಯರ್ ಗುಲಾಂ ಹೈದರ್ ಹಮೀದಿ, ಆತ್ಮಾಹುತಿ ದಾಳಿಯಲ್ಲಿ ಸತ್ತ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಕೋಣೆ.

ಮಾತು ವಲ್ವರ್‌ಗೆ ಬಂತು, ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಕೊಡುವ ಹಣ. ‘ಹೆಣ್ಣಿಗೆ ಬೆಲೆ ಕಟ್ಟುವುದೇ?’ ಎಂದು ಕೇಳಿಯೇಬಿಟ್ಟೆ. ತಾಯಿ ಬೇಸರಿಸಲಿಲ್ಲ, ನಿಮ್ಮಲ್ಲಿ ಹೇಗೆ ಎಂದರು. ನಮ್ಮಲ್ಲಿ ಹೆಣ್ಣಿನ ಕಡೆಯವರೇ ಗಂಡಿಗೆ ಕೊಡುತ್ತಾರೆ ಎಂದೆ. ಗೆಳತಿ ಅನುವಾದಿಸಿದಳು. ಯಾರೂ ನಂಬಲಿಲ್ಲ, ತಪ್ಪಾಗಿ ಹೇಳುತ್ತಿದ್ದೀಯ ಎಂದು ಅವಳಿಗೇ ಬೈದರು. ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಅಜ್ಜಿ, “ಹುಡುಗಿಯನ್ನೂ ಕೊಟ್ಟು ದುಡ್ಡನ್ನೂ ಕೊಡುತ್ತೀರಾ?” ಎಂದು ಕೇಳಿ ನನ್ನ ಕೈ ಸವರಿದರು. ಇಡೀ ಕೋಣೆ ನನ್ನನ್ನು ಕನಿಕರದಿಂದ ನೋಡಿತು. ವಾದ ಮಾಡಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಆಮೇಲೆ ದಾಯ್ರಾ ಬಾರಿಸುತ್ತ ಲಂಡೈ ಹಾಡಿದರು. ಎರಡೇ ಸಾಲು, ಮೊದಲನೆಯದರಲ್ಲಿ 9 ಅಕ್ಷರ, ಎರಡನೆಯದರಲ್ಲಿ 13, ಕೊನೆಗೆ ಬಹುಪಾಲು ‘ಮ’ ಇಲ್ಲವೇ ‘ನ’. ನಮ್ಮ ಜನಪದ ತ್ರಿಪದಿಯ ಹಾಗೆ ಕಟ್ಟಿದವರ ಹೆಸರಿಲ್ಲ. ಒಬ್ಬಳು ಒಂದೆಸೆದರೆ ಇನ್ನೊಬ್ಬಳು ಅದಕ್ಕೆ ತಿರುಗೇಟು ಕೊಡುತ್ತಿದ್ದಳು. ಕೆಲವಕ್ಕೆ ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅರ್ಥ ಹೇಳು ಎಂದರೆ ಗೆಳತಿ, ‘ಗಂಡಂದಿರ ಬಗ್ಗೆ’ ಎಂದು ಅಷ್ಟಕ್ಕೇ ಮುಗಿಸಿದಳು. ಪರದೆಯಾಚೆ ಗಂಡಸರ ಸದ್ದು ಕೇಳಿದಾಗ ದನಿ ತಗ್ಗುತ್ತಿತ್ತು, ಹಾಡು ನಿಲ್ಲುತ್ತಿರಲಿಲ್ಲ.

ಮೂರೂವರೆಗೆ ಡ್ರೈವರ್ ಹೇಳಿಕಳಿಸಿದ, ಕತ್ತಲಿಗೆ ಮೊದಲು ವಸತಿ ಸೇರಬೇಕು. ಯಾವ ವಸ್ತುವನ್ನೂ ಬಾಯಿಬಿಟ್ಟು ಹೊಗಳಬೇಡ, ಕೊಟ್ಟುಬಿಡುತ್ತಾರೆ ಎಂದು ಗೆಳತಿ ಮೊದಲೇ ಎಚ್ಚರಿಸಿದ್ದಳು. ನಾನು ಹೊಗಳಿರಲಿಲ್ಲ. ಆದರೆ ಹಿಂಬದಿ ನೋಡಿದ್ದು ಹೊಗಳಿಕೆಗಿಂತ ಹೆಚ್ಚಿನದಾಗಿ ಹೋಗಿತ್ತು. ಮದುಮಗಳು ಗಂಟಿನಿಂದ ಒಂದು ದಿಂಬಿನ ಹೊದಿಕೆ ತೆಗೆದು ನನ್ನ ಮಡಿಲಲ್ಲಿಟ್ಟಳು. ಮೂರು ಸಲ ಬೇಡ ಎಂದೆ. ನಾಲ್ಕನೆಯದಕ್ಕೆ ಬಾಯಿ ತೆರೆದಾಗ ಗೆಳತಿ ಕಣ್ಣು ಬಿಟ್ಟಳು.

ಪಷ್ತೂನರ ಬದಲ್ ಎಂದರೆ ಸೇಡು ಎಂದು ಎಲ್ಲರೂ ಬರೆಯುತ್ತಾರೆ. ಅದು ನಮ್ಮ ‘ಬದಲು’ ಎಂಬ ಪದವೇ, ಎರಡೂ ಅರಬ್ಬಿಯಿಂದ ಬಂದದ್ದು. ಪೆಟ್ಟಿಗೆ ಪೆಟ್ಟು ಎಷ್ಟು ಬದಲೋ ಕೊಟ್ಟದ್ದಕ್ಕೆ ಕೊಡುವುದೂ ಅಷ್ಟೇ ಬದಲು. ನನ್ನ ಬಳಿ ಕೊಡಲು ಏನಿತ್ತು? ಹೊದ್ದುಕೊಂಡಿದ್ದ ಕಸೂತಿ ದುಪಟ್ಟಾ. ಬಿಚ್ಚಿ ಅಜ್ಜಿಯ ಕೈಗಿಟ್ಟೆ. ಗೆಳತಿ ತನ್ನದೊಂದು ಚಾದರ ತಂದು ನನ್ನ ತಲೆಗೆ ಹೊದಿಸಿದಳು.

ಅಜ್ಜಿ ದುಪಟ್ಟಾ ತಿರುವಿದಾಗಲೇ ನನಗೆ ನೆನಪಾದದ್ದು. ಅದು ನಮ್ಮಜ್ಜಿ ಹಾಕಿದ್ದಲ್ಲ, ಊರಿಂದ ಹೊರಡುವ ಅವಸರದಲ್ಲಿ ಅಂಗಡಿಯಿಂದ ಕೊಂಡದ್ದು. ತೇರಿನ ಕಳಸದ ಹಿಂದೆ ಒಂದು ಗಂಟು, ಆನೆಯ ಸೊಂಡಿಲ ಹಿಂದೆ ಇನ್ನೊಂದು, ಅಂಚಿನಲ್ಲಿ ಜೋತುಬಿದ್ದ ಎಳೆಗಳು. ಅಜ್ಜಿ ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದರು. ಈ ಸಲ ‘ಷ’ ಎನ್ನಲಿಲ್ಲ. ಇದು ನಮ್ಮ ಮನೆಯದಲ್ಲ ಎಂದು ಉರ್ದುವಿನಲ್ಲಿ ಏನೋ ತೊದಲಿದೆ, ಅದನ್ನು ಅನುವಾದಿಸಲು ಗೆಳತಿ ಅಲ್ಲಿರಲಿಲ್ಲ.

‘ಪ ಮಖ ದೇ ಷ’ ಎಂದು ಎಲ್ಲರೂ ಬೀಳ್ಕೊಟ್ಟರು. ನಿನ್ನ ಮುಂದಿನ ದಾರಿ ಚೆಂದವಾಗಲಿ ಎಂದು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ಒಳಗೆ ನೋಡಿದೆ. ಅಜ್ಜಿ ಕಿಟಕಿಗೆ ಹತ್ತಿರ ಸರಿದು ಕೂತಿದ್ದರು. ದುಪಟ್ಟಾ ಮೊಣಕಾಲ ಮೇಲೆ ಹಿಂಬದಿ ಮೇಲಾಗಿ ಹರಡಿತ್ತು. ಸೂಜಿಮೊನೆ ಮೊದಲ ಗಂಟಿನೊಳಗಿತ್ತು.