ಕ್ಯಾಮೆರಾ ಹಿಂದಿದ್ದವಳು

ಬೇಲೂರಿನ ಮದನಿಕೆಯರ ಕೆಳಗೆ ಅವರನ್ನು ಕೆತ್ತಿದ ಶಿಲ್ಪಿಗಳಾದ ದಾಸೋಜ, ಅವನ ಮಗ ಚಾವಣನ ಹೆಸರನ್ನು ಇವತ್ತಿಗೂ ಓದಬಹುದು. ಹಾಸನಕ್ಕೆ ವಾಪಸ್ ಬರೋ ಬಸ್ಸಲ್ಲಿ ತಲೆ ತುಂಬಾ ಕ್ಲೋಡ್ ಕಾಹುನ್, ಮಾರ್ಸೆಲ್ ಮೂರ್ ಎಂಬ ಇಬ್ಬರು ಫ್ರೆಂಚ್ ಕಲಾವಿದೆಯರೇ. ತಲೆ ಬೋಳಿಸಿಕೊಂಡು, ಗಂಡಸಿನ ವೇಷ ತೊಟ್ಟು ಫೋಟೋಗೆ ನಿಂತವಳು ಕಾಹುನ್. ಎಷ್ಟೋ ಸಲ ಕ್ಯಾಮೆರಾ ಹಿಂದಿದ್ದವಳು ಮೂರ್. ಕೆಲವು ಫೋಟೋಗಳಲ್ಲಿ ಅವಳ ನೆರಳೂ ಬಿದ್ದಿದೆ. ಹೆಸರು ಮಾತ್ರ ಬಹುಕಾಲ ಯಾರೂ ಹಾಕಲಿಲ್ಲ. ಇದು ಅನ್ಯಾಯ ಅಂತಲೇ ನನಗನ್ನಿಸೋದು.

ಇಂಗ್ಲೆಂಡ್, ಫ್ರಾನ್ಸ್ ನಡುವಿನ ಸಮುದ್ರದಲ್ಲಿರೋ, ಇಬ್ಬರೂ ನೆಲೆಸಿದ್ದ ಜರ್ಸಿ ದ್ವೀಪವನ್ನು 1940ರಲ್ಲಿ ಜರ್ಮನ್ ಸೇನೆ ಹಿಡಿದಾಗ ಇಬ್ಬರೂ ಸೇರಿ ಯುದ್ಧದ ವಿರುದ್ಧ ಚೀಟಿ ಬರೆದು, ಸೈನಿಕರ ಜೇಬಿಗೆ, ಸಿಗರೇಟ್ ಪ್ಯಾಕಿಗೆ ತುರುಕುತ್ತಿದ್ದರು. ಜರ್ಮನ್ ಚೆನ್ನಾಗಿ ಬರುತ್ತಿದ್ದದ್ದು ಮೂರ್‌ಗೆ! 1944ರಲ್ಲಿ ಸಿಕ್ಕಿಬಿದ್ದರು. ಇಬ್ಬರಿಗೂ ಮರಣದಂಡನೆ ವಿಧಿಸಿದರು, ಜಾರಿಯಾಗಲಿಲ್ಲ. 1945ರ ಮೇನಲ್ಲಿ ಜೈಲಿಂದ ಹೊರಬಂದರು, ಇಬ್ಬರೂ.